ಬೆಂಗಳೂರಿನ ಇಂಜೆಕ್ಷನ್, ಗಂಗಾವತಿಯ ಬೇಧಿ: ಇಮ್ಯುನೋಥೆರಪಿಯ ಅಡ್ಡಪರಿಣಾಮದ ಒಂದು ಪ್ರಕರಣ

ರೋಗಿ 61 ವರ್ಷದ ರೈತರು, ಗಂಗಾವತಿ ತಾಲ್ಲೂಕಿನವರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆತನ. ತೂಕ 54 ಕೆ.ಜಿ. ಹನ್ನೆರಡು ವರ್ಷದ ಹಿಂದೆ ಟಿಬಿ ಆಗಿ ಆರು ತಿಂಗಳ ಔಷಧಿ ಮುಗಿಸಿದ್ದರು. ಎದೆಯ ಎಕ್ಸ್-ರೇಯಲ್ಲಿ ಬಲ ಮೇಲ್ಭಾಗದಲ್ಲಿ ಅದರ ಗಾಯದ ಕಲೆ ಈಗಲೂ ಇದೆ. ಸಕ್ಕರೆ ಕಾಯಿಲೆ ಇರಲಿಲ್ಲ. ಇದು ಯಾರೋ ಒಬ್ಬರ ಕಡತವಲ್ಲ; ಈ ಚಿಕಿತ್ಸೆಯಲ್ಲಿ ಆಗುವ ಸಂಗತಿಗಳನ್ನು ಕೂಡಿಸಿ, ಈ ಭಾಗದ ವೈದ್ಯರಿಗೂ ರೋಗಿಯ ಮನೆಯವರಿಗೂ ಉಪಯೋಗವಾಗಲೆಂದು ಕಟ್ಟಿದ ಪ್ರಕರಣ.

ಶ್ವಾಸಕೋಶದ ಅಡಿನೋಕಾರ್ಸಿನೋಮ ನಾಲ್ಕನೇ ಹಂತದಲ್ಲಿ ಪತ್ತೆಯಾಗಿತ್ತು. ಗುಳಿಗೆಯಲ್ಲೇ ನಿಭಾಯಿಸಬಹುದಾದ ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳ ಬದಲಾವಣೆಗಳು ಇರಲಿಲ್ಲ. ಕ್ಯಾನ್ಸರ್ ಕೋಶಗಳ ಮೇಲಿನ ಪಿಡಿ-ಎಲ್1 ಎಂಬ ಪ್ರೋಟೀನ್ ಶೇ 70 ಇತ್ತು, ಅಂದರೆ ಹೆಚ್ಚು. ಆದ್ದರಿಂದ ಕಿಮೋ ಇಲ್ಲದೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿ ಒಂದನ್ನೇ 200 ಮಿಗ್ರಾಂ, ಮೂರು ವಾರಕ್ಕೊಮ್ಮೆ, ಬೆಂಗಳೂರಿನಲ್ಲಿ ಶುರು ಮಾಡಿದರು. ರಾತ್ರಿ ಬಸ್ಸಿಗೆ ಹೋಗಿ, ಅರ್ಧ ಗಂಟೆಯ ಡ್ರಿಪ್ ಮುಗಿಸಿಕೊಂಡು, ಮತ್ತೆ ರಾತ್ರಿ ಬಸ್ಸಿಗೆ ವಾಪಸ್. ನಾಲ್ಕು ಡೋಸ್ ಆಗುವಷ್ಟರಲ್ಲಿ ಕೆಮ್ಮು ಇಳಿದಿತ್ತು, ಊಟ ಸೇರತೊಡಗಿತ್ತು. ನಾಲ್ಕನೇ ಡೋಸ್ ಆಗಿ ಹನ್ನೆರಡನೇ ದಿನಕ್ಕೆ ಬೇಧಿ ಹತ್ತಿತು.

ಏಪ್ರಿಲ್ ಕೊನೆಯ ಬಿಸಿಲು, ಎರಡನೇ ಬೆಳೆಯ ಕಟಾವಿನ ಹೊತ್ತು. ಇಂಥ ದಿನಗಳಲ್ಲಿ ಊರಲ್ಲಿ ಬೇಧಿ ಯಾರಿಗೂ ಹೊಸದಲ್ಲ. ಊರಿನ ಆರ್‌ಎಂಪಿ ಡಾಕ್ಟರ್ ಎರಡು ಬಾಟಲಿ ಸಲಾಯಿನ್ ಹಚ್ಚಿ, ಓಫ್ಲಾಕ್ಸಸಿನ್-ಆರ್ನಿಡಜೋಲ್ ಎಂಬ ಆಂಟಿಬಯೋಟಿಕ್ ಮತ್ತು ಬೇಧಿ ತಡೆಯುವ ಲೋಪೆರಮೈಡ್ ಗುಳಿಗೆ ಕೊಟ್ಟು, ಮೈಕೈ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಮಾಡಿದರು. "ಏನಾರ ಔಷಧಿ ನಡದೈತೇನು?" ಎಂದು ಕೇಳಿದ್ದಕ್ಕೆ ಮಗ ಹೇಳಿದ್ದು, "ಬೆಂಗಳೂರಾಗ ಕಿಮೋ ಕೊಡಸಾಕತ್ತೀವ್ರಿ." ಆ ಒಂದು ಪದದಿಂದ ಐದು ದಿನ ಹಾಳಾದವು.

ಕಿಮೋ ಮತ್ತು ಈ ಔಷಧಿ ಮಾಡುವ ಕೆಲಸವೇ ಬೇರೆ. ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ಕಿಮೋ ಕೊಲ್ಲುತ್ತದೆ. ಕ್ಯಾನ್ಸರ್ ಜೊತೆ ಕರುಳಿನ ಒಳಪದರವೂ ಸವೆಯುತ್ತದೆ, ಬಿಳಿ ರಕ್ತಕಣ ಇಳಿಯುತ್ತವೆ. ಅಲ್ಲಿ ಲೋಪೆರಮೈಡ್ ಸರಿಯಾದ ಮೊದಲ ಔಷಧಿ. ಪೆಂಬ್ರೊಲಿಜುಮ್ಯಾಬ್ ಯಾವ ಕೋಶವನ್ನೂ ನೇರವಾಗಿ ಕೊಲ್ಲುವುದಿಲ್ಲ. ರೋಗನಿರೋಧಕ ಶಕ್ತಿಯ ಸೈನಿಕರಾದ ನಮ್ಮ ಟಿ-ಕೋಶಗಳ ಮೇಲೆ ಪಿಡಿ-1 ಎಂಬ ಬ್ರೇಕ್ ಇದೆ, ಕ್ಯಾನ್ಸರ್ ಆ ಬ್ರೇಕನ್ನು ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತದೆ, ಈ ಔಷಧಿ ಬ್ರೇಕ್ ಬಿಡಿಸುತ್ತದೆ. ಇಂಥ ಬ್ರೇಕುಗಳನ್ನು ಬಿಡಿಸಿ ಕ್ಯಾನ್ಸರಿಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿದ್ದಕ್ಕೇ ವಿಜ್ಞಾನಿಗಳಾದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಬ್ರೇಕ್ ಬಿಟ್ಟ ಟಿ-ಕೋಶ ಗೆಡ್ಡೆಯ ಜೊತೆಗೆ ಕರುಳು, ಯಕೃತ್ತು, ಶ್ವಾಸಕೋಶ, ಥೈರಾಯ್ಡ್, ಚರ್ಮ, ಅಪರೂಪಕ್ಕೆ ಹೃದಯದ ಮೇಲೂ ಏರಿ ಹೋಗಬಹುದು. ಆಗ ಬೇಕಾದದ್ದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ, ಅಂದರೆ ಸ್ಟೀರಾಯ್ಡ್. ಲೋಪೆರಮೈಡ್ ಕರುಳಿನ ಚಲನೆಯನ್ನಷ್ಟೇ ನಿಲ್ಲಿಸುತ್ತದೆ. ಉರಿಯೂತ ಒಳಗೆ ತನ್ನ ಪಾಡಿಗೆ ಬೆಳೆಯುತ್ತದೆ.

ಇಲ್ಲಿಯೂ ಹಾಗೇ ಆಯಿತು. ಮೊದಲ ದಿನ ನಾಲ್ಕು ಸಲ ಹೊರಕಡೆ. ಲೋಪೆರಮೈಡ್ ಬಿದ್ದ ಮೇಲೆ ಎರಡು ದಿನ ಮೂರಕ್ಕೆ ಇಳಿಯಿತು, ಮನೆಯವರು ನಿಟ್ಟುಸಿರು ಬಿಟ್ಟರು. ಐದನೇ ದಿನ ಒಂಬತ್ತು ಸಲ, ರಾತ್ರಿ ನಿದ್ದೆಯಿಂದ ಎದ್ದು ಮೂರು ಸಲ, ಸಿಂಬಳದಂಥ ಜಿಡ್ಡು, ಅದರಲ್ಲಿ ರಕ್ತ. ಏನೂ ತಿನ್ನದಿದ್ದರೂ ನಿಲ್ಲದ, ನಿದ್ದೆಯಿಂದ ಎಬ್ಬಿಸುವ ಬೇಧಿ ಉರಿಯೂತದ ಲಕ್ಷಣ. ಹಾಳಾದ ಊಟದ ಬೇಧಿ ಬಹುತೇಕ ಎರಡು-ಮೂರು ದಿನಕ್ಕೆ ತಾನೇ ಇಳಿಯುತ್ತದೆ. ಡೈಕ್ಲೋಫೆನಾಕ್ ಕೊಟ್ಟದ್ದೂ ಕೆಟ್ಟದ್ದಾಯಿತು. ಆ ವರ್ಗದ ನೋವಿನ ಔಷಧಿ ಕರುಳಿನ ಉರಿಯೂತವನ್ನು ಕೆರಳಿಸಬಲ್ಲದು, ನೀರು ಬತ್ತಿದ ಮೈಯಲ್ಲಿ ಕಿಡ್ನಿಗೂ ಪೆಟ್ಟು ಕೊಡುತ್ತದೆ.

ಮನೆಯಲ್ಲಿ ಓಆರ್‌ಎಸ್ ಕೊಟ್ಟಿದ್ದರು, ಆದರೆ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ತಂಬಿಗೆಗೆ ಸುರಿದು. ಅಷ್ಟು ದಟ್ಟವಾದರೆ ಅದು ಕರುಳಿಗೆ ನೀರನ್ನು ಇನ್ನಷ್ಟು ಎಳೆಯುತ್ತದೆ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಸಣ್ಣದು 200 ಮಿಲಿಗೆ. ಪ್ಯಾಕೆಟ್ ಮೇಲೇ ಬರೆದಿರುತ್ತದೆ. ಅಂಗಡಿಯಲ್ಲಿ ಸಿಗುವ ಹಣ್ಣಿನ ರಸದ ಡಬ್ಬಿಗಳು ಓಆರ್‌ಎಸ್ ಅಲ್ಲ, ಅವುಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ.

ಆರನೇ ದಿನ ಬಳ್ಳಾರಿಯ ಒಂದು ಆಸ್ಪತ್ರೆಗೆ ತಂದರು. ಬಿಪಿ 90/60, ನಾಡಿ 118, ನಾಲಿಗೆ ಒಣಗಿತ್ತು. ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಸರಿಯಾಗಿತ್ತು: "ಆ ಇಂಜೆಕ್ಷನ್ ಹೆಸರು ಏನ್ರಿ?" ಸೊಸೆ ಪ್ಲಾಸ್ಟಿಕ್ ಚೀಲದಿಂದ ಬೆಂಗಳೂರಿನ ಕಾಗದ ತೆಗೆದುಕೊಟ್ಟರು. "ಮಾವಾರಿಗೆ ಕೂದಲಾ ಉದುರಿಲ್ರಿ, ವಾಂತಿನೂ ಆಗಿಲ್ರಿ. ಹಂಗಾಗಿ ಇದು ಸಣ್ಣ ಇಂಜೆಕ್ಷನ್ ಅನ್ಕೊಂಡಿದ್ವಿ." ಬಹಳ ಮನೆಗಳಲ್ಲಿ ಹೀಗೇ ಅಂದುಕೊಳ್ಳುತ್ತಾರೆ, ಮತ್ತು ಅದು ಅವರ ತಪ್ಪಲ್ಲ. ಕೂದಲು ಉದುರದ ಔಷಧಿಯೂ ಕರುಳನ್ನು ತೂತು ಮಾಡಬಲ್ಲದು ಎಂದು ಅವರಿಗೆ ಅವರ ಮಾತಿನಲ್ಲಿ ಯಾರೂ ಹೇಳಿರಲಿಲ್ಲ.

ಬೇಧಿಯ ತೀವ್ರತೆಯನ್ನು ಅಳೆಯುವುದು ಸುಲಭ. ಕಾಯಿಲೆಗೆ ಮುಂಚೆ ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದರೋ ಅದನ್ನು ಕಳೆಯಬೇಕು. ಹೆಚ್ಚುವರಿ ನಾಲ್ಕಕ್ಕಿಂತ ಕಡಿಮೆ ಇದ್ದರೆ ಒಂದನೇ ದರ್ಜೆ, ನಾಲ್ಕರಿಂದ ಆರು ಎರಡನೆಯದು, ಏಳು ಮತ್ತು ಮೇಲೆ ಮೂರನೆಯದು. ಕರುಳು ತೂತಾಗುವುದು, ಜೀವಕ್ಕೆ ಅಪಾಯ ಆಗುವುದು ನಾಲ್ಕನೆಯದು. ಇವರದು ಒಂಬತ್ತರಲ್ಲಿ ಒಂದು ಕಳೆದರೆ ಎಂಟು, ಮೂರನೇ ದರ್ಜೆ. ಎರಡನೇ ದರ್ಜೆಯಲ್ಲೇ ಮುಂದಿನ ಡೋಸ್ ತಡೆಹಿಡಿದು, ಸ್ಟೀರಾಯ್ಡ್ ಯೋಚಿಸಬೇಕು. ಮೂರನೆಯದರಲ್ಲಿ ಆಸ್ಪತ್ರೆಗೆ ಸೇರಿಸಲೇಬೇಕು.

ರಕ್ತದಲ್ಲಿ ಪೊಟ್ಯಾಸಿಯಂ 2.9, ಸೋಡಿಯಂ 129, ಎರಡೂ ತಗ್ಗಿದ್ದವು; ಕಿಡ್ನಿಯ ಅಳತೆಯಾದ ಕ್ರಿಯಾಟಿನಿನ್ 1.9ಕ್ಕೆ ಏರಿತ್ತು (ಮೊದಲು 0.9 ಇತ್ತು). ಬಿಳಿ ರಕ್ತಕಣ 11,800. ಕಿಮೋ ಬೇಧಿಯಲ್ಲಿ ಇದು ತಗ್ಗಿರುವುದೇ ಹೆಚ್ಚು. ಮಲದಲ್ಲಿ ಕೀವುಕಣ, ರಕ್ತಕಣ. ಅಮೀಬ ಇಲ್ಲ, ಹುಳದ ಮೊಟ್ಟೆ ಇಲ್ಲ. ಕಲ್ಚರ್ ಮತ್ತು ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಎಂಬ ಕರುಳಿನ ಬ್ಯಾಕ್ಟೀರಿಯಾದ ಟಾಕ್ಸಿನ್ ಪರೀಕ್ಷೆಗೆ ಕಳಿಸಿದರು. ರೋಗಿಯನ್ನು ನಿಲ್ಲಿಸಿ ತೆಗೆದ ಹೊಟ್ಟೆಯ ಎಕ್ಸ್-ರೇಯಲ್ಲಿ ವಪೆಯ ಕೆಳಗೆ ಗಾಳಿ, ಅಂದರೆ ಕರುಳು ತೂತಾದ ಗುರುತು, ಇರಲಿಲ್ಲ. ಈ ಪರೀಕ್ಷೆಯನ್ನು ಬಿಡುವಂತಿಲ್ಲ. ತೂತಾದ ಕರುಳಿಗೆ ಸ್ಟೀರಾಯ್ಡ್ ಕೊಟ್ಟರೆ ಹೊಟ್ಟೆ ಗಟ್ಟಿಯಾಗುವ ಲಕ್ಷಣವೇ ಮರೆಯಾಗುತ್ತದೆ.

ದೊಡ್ಡ ಕರುಳಿನ ಕೊನೆಯ ಭಾಗವನ್ನು ಕ್ಯಾಮೆರಾ ಕೊಳವೆಯಿಂದ ನೋಡುವ ಸಿಗ್ಮಾಯ್ಡೋಸ್ಕೋಪಿ ಮರುದಿನ ಆಯಿತು. ಪೂರ್ತಿ ಕೊಲೊನೋಸ್ಕೋಪಿ ಬೇಕಾಗಲಿಲ್ಲ; ಈ ಕಾಯಿಲೆ ಬಹುತೇಕ ಎಲ್ಲರಲ್ಲೂ ದೊಡ್ಡ ಕರುಳಿನ ಎಡಭಾಗವನ್ನು ಹಿಡಿಯುತ್ತದೆ, ಎನಿಮಾ ಕೊಟ್ಟು ಅಷ್ಟು ನೋಡಿದರೆ ಸಾಕು. ಒಳಪದರ ಕೆಂಪಗೆ ಊದಿ, ರಕ್ತನಾಳದ ಗೆರೆಗಳು ಅಳಿಸಿಹೋಗಿ, ಅಲ್ಲಲ್ಲಿ ಹುಣ್ಣುಗಳಿದ್ದವು. ಒಳಪದರ ಸರಿ ಕಂಡರೂ ಬಯಾಪ್ಸಿ ತೆಗೆಯಬೇಕು, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಉರಿಯೂತವೂ ಇರುತ್ತದೆ. ಸಿಎಂವಿ ವೈರಸ್‌ಗೂ ಅದೇ ತುಣುಕಿನಲ್ಲಿ ಬಣ್ಣ ಹಾಕಿಸಿ ನೋಡಿದರು, ಇರಲಿಲ್ಲ.

ಆದರೆ ಸ್ಟೀರಾಯ್ಡ್ ಶುರು ಮಾಡಲು ಇದಾವುದಕ್ಕೂ ಕಾಯಲಿಲ್ಲ. ಸೋಂಕಿದ್ದರೆ ಏನು ಗತಿ ಎಂದು ಹಿಂಜರಿಯುವುದು ಸಹಜ. ಮಲವನ್ನು ಪರೀಕ್ಷೆಗೆ ಕಳಿಸಿ, ತೂತಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆ, ಮೂರನೇ ದರ್ಜೆಯಲ್ಲಿ ವರದಿಗಾಗಿ ಎರಡು ದಿನ ಕಾಯುವುದರ ನಷ್ಟವೇ ದೊಡ್ಡದು. ಲೋಪೆರಮೈಡ್, ಡೈಕ್ಲೋಫೆನಾಕ್ ನಿಲ್ಲಿಸಿ, ಮೀಥೈಲ್‌ಪ್ರೆಡ್ನಿಸೊಲೋನ್ 60 ಮಿಗ್ರಾಂ ದಿನಕ್ಕೊಮ್ಮೆ ರಕ್ತನಾಳಕ್ಕೆ ಕೊಟ್ಟರು, ಅಂದರೆ ಕೆ.ಜಿ.ಗೆ ಸುಮಾರು 1 ಮಿಗ್ರಾಂ. ಪೊಟ್ಯಾಸಿಯಂ ಕ್ಲೋರೈಡಿನ 10 ಮಿಲಿ ಆಂಪೂಲ್‌ನಲ್ಲಿ 20 ಮಿಲಿ-ಈಕ್ವಿವಲೆಂಟ್ ಇರುತ್ತದೆ. ಒಂದು ಆಂಪೂಲನ್ನು 500 ಮಿಲಿ ಸಲಾಯಿನ್‌ಗೆ ಬೆರೆಸಿ, ಬಾಟಲಿಯನ್ನು ಚೆನ್ನಾಗಿ ತಲೆಕೆಳಗು ಮಾಡಿ ಕಲಕಿ, ಮೂರು ಗಂಟೆಯಲ್ಲಿ ಬಿಟ್ಟರು. ಬೆರೆಸದೆ ಬಿಟ್ಟರೆ ತಳದ ಪೊಟ್ಯಾಸಿಯಂ ಮೊದಲು ಹೃದಯಕ್ಕೆ ಹೋಗುತ್ತದೆ. ಆಂಪೂಲನ್ನು ನೇರವಾಗಿ ರಕ್ತನಾಳಕ್ಕೆ ಕೊಡಲೇಬಾರದು.

ಇನ್ನೊಂದು ಗುಳಿಗೆ ಸ್ಟೀರಾಯ್ಡ್ ಜೊತೆಗೇ ಬಿತ್ತು: ಐವರ್‌ಮೆಕ್ಟಿನ್ 12 ಮಿಗ್ರಾಂ, ಎರಡು ದಿನ. ಇದು ನಗರದ ಆಸ್ಪತ್ರೆಗಳಲ್ಲಿ ಮರೆತುಹೋಗುವ ಸಂಗತಿ, ನಮ್ಮ ಭಾಗದಲ್ಲಿ ಮರೆಯುವಂತಿಲ್ಲ. ಕೆಸರುಗದ್ದೆಯಲ್ಲಿ ಬರಿಗಾಲಲ್ಲಿ ನಲವತ್ತು ವರ್ಷ ನಾಟಿ ಮಾಡಿದವರ ಅಂಗಾಲಿನಿಂದ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳ ಒಳಹೋಗಿ, ಕರುಳಿನಲ್ಲಿ ದಶಕಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಸ್ಟೀರಾಯ್ಡ್ ಬಿದ್ದಾಗ ಅದು ಸಂಖ್ಯೆಯಲ್ಲಿ ಸ್ಫೋಟಗೊಂಡು ಶ್ವಾಸಕೋಶ, ಮೆದುಳಿಗೂ ಹರಡುತ್ತದೆ, ಆ ಹಂತದಲ್ಲಿ ಬದುಕುವವರು ಕಡಿಮೆ. ಒಂದು ಸಲದ ಮಲ ಪರೀಕ್ಷೆಯಲ್ಲಿ ಹುಳ ಕಾಣದಿದ್ದರೆ ಇಲ್ಲವೆಂದಲ್ಲ, ಹುಳವಿದ್ದಾಗ ಏರುವ ಇಯೊಸಿನೊಫಿಲ್ ರಕ್ತಕಣ ಸರಿಯಿದ್ದರೂ ಅಲ್ಲ.

ಮೂರು ದಿನದ ಸ್ಟೀರಾಯ್ಡ್ ನಂತರ ಬೇಧಿ ಒಂಬತ್ತರಿಂದ ಏಳಕ್ಕೆ ಬಂತು, ರಕ್ತ ನಿಲ್ಲಲಿಲ್ಲ. ಇದನ್ನು ಸುಧಾರಣೆ ಎಂದು ಲೆಕ್ಕ ಹಾಕಬಾರದು. ಮೂರರಿಂದ ಐದು ದಿನದಲ್ಲಿ ಸ್ಪಷ್ಟ ಇಳಿಕೆ ಇಲ್ಲದಿದ್ದರೆ ಸ್ಟೀರಾಯ್ಡನ್ನೇ ವಾರಗಟ್ಟಲೆ ಎಳೆಯುವ ಬದಲು ಎರಡನೇ ಔಷಧಿ ಸೇರಿಸಬೇಕು. ಆಯ್ಕೆ ಎರಡು. ಇನ್‌ಫ್ಲಿಕ್ಸಿಮ್ಯಾಬ್ ಕೆ.ಜಿ.ಗೆ 5 ಮಿಗ್ರಾಂ, ಬೇಗ ಕೆಲಸ ಮಾಡುತ್ತದೆ. ಆದರೆ ಅದು ತಡೆಯುವ ಟಿಎನ್‌ಎಫ್ ಎಂಬ ಅಂಶವೇ ಹಳೆಯ ಟಿಬಿ ಕ್ರಿಮಿಗಳನ್ನು ಶ್ವಾಸಕೋಶದ ಗಂಟಿನೊಳಗೆ ಕಟ್ಟಿಹಾಕಿರುತ್ತದೆ. ವೆಡೊಲಿಜುಮ್ಯಾಬ್ 300 ಮಿಗ್ರಾಂ, ಟಿ-ಕೋಶಗಳು ಕರುಳಿಗೆ ಇಳಿಯುವುದನ್ನು ಮಾತ್ರ ತಡೆಯುತ್ತದೆ, ನಿಧಾನ. ಬಲ ಮೇಲ್ಭಾಗದ ಆ ಕಲೆ ಇಲ್ಲಿ ನಿರ್ಣಯ ಮಾಡಿತು. ಕಫದಲ್ಲಿ ಟಿಬಿ ಹುಡುಕುವ ಪರೀಕ್ಷೆಯಾದ ಸಿಬಿನ್ಯಾಟ್‌ನಲ್ಲಿ ಟಿಬಿ ಇರಲಿಲ್ಲ, ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ನೆಗೆಟಿವ್. ಆದರೂ ವೆಡೊಲಿಜುಮ್ಯಾಬ್ ಆರಿಸಿದ್ದು ಸರಿಯಾದ ತೀರ್ಮಾನ. ಹೊರಗಿನಿಂದ ತರಿಸಬೇಕಾಯಿತು; 2ರಿಂದ 8 ಡಿಗ್ರಿಯಲ್ಲಿ, ಐಸ್ ಪೆಟ್ಟಿಗೆಯಲ್ಲಿ. ವಯಲ್‌ಗೆ 4.8 ಮಿಲಿ ಶುದ್ಧ ನೀರು ಸೇರಿಸಿ, ಕುಲುಕದೆ ಮೆಲ್ಲಗೆ ತಿರುಗಿಸಿ ಕರಗಿಸಬೇಕು. ಕುಲುಕಿದರೆ ನೊರೆ ಬರುತ್ತದೆ. ನಂತರ 250 ಮಿಲಿ ಸಲಾಯಿನ್‌ನಲ್ಲಿ ಅರ್ಧ ಗಂಟೆ. ಆಸ್ಪತ್ರೆಗೆ ಸೇರಿದ ಐದನೇ ದಿನ ಕೊಟ್ಟರು. ಮುಂದಿನವು ಎರಡನೇ ಮತ್ತು ಆರನೇ ವಾರಕ್ಕೆ.

ಒಂಬತ್ತನೇ ದಿನ ಬೇಧಿ ಮೂರಕ್ಕೆ ಇಳಿಯಿತು, ರಕ್ತ ನಿಂತಿತು. ಅಕ್ಕಿ ಗಂಜಿ, ತೆಳು ಮಜ್ಜಿಗೆ, ಬಾಳೆಹಣ್ಣು ಶುರುವಾದವು. ಹಾಲು, ಖಾರ, ಕಾಳುಪಲ್ಯ ಬೇಡವೆಂದರು. ಹನ್ನೊಂದನೇ ದಿನ ಪ್ರೆಡ್ನಿಸೊಲೋನ್ 50 ಮಿಗ್ರಾಂ ಮೇಲೆ ಮನೆಗೆ ಕಳಿಸಿದರು. ವಾರಕ್ಕೊಂದು ಮೆಟ್ಟಿಲಿನಂತೆ 50, 40, 30, 20, 15, 10, 5. ಜೊತೆಗೆ ಕೋಟ್ರೈಮಾಕ್ಸಜೋಲ್ ಡಿಎಸ್ ಸೋಮ, ಬುಧ, ಶುಕ್ರವಾರ ಒಂದೊಂದು: ದಿನಕ್ಕೆ 20 ಮಿಗ್ರಾಂ ಅಥವಾ ಹೆಚ್ಚಿನ ಪ್ರೆಡ್ನಿಸೊಲೋನ್ ನಾಲ್ಕು ವಾರ ದಾಟುವವರಿಗೆ ಬರಬಹುದಾದ ನ್ಯುಮೋಸಿಸ್ಟಿಸ್ ನ್ಯುಮೋನಿಯ ತಡೆಯಲು. ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಹೊಟ್ಟೆ ಉರಿಗೆ ಪ್ಯಾಂಟೊಪ್ರಜೋಲ್ ಕೂಡ.

ಎಲ್ಲವೂ ಸರಿಯಾಗಿ ಬರೆದಿತ್ತು, ಇಂಗ್ಲಿಷಿನಲ್ಲಿ. ಅಲ್ಲೇ ಎರಡನೇ ಎಡವಟ್ಟು.

ಮೂರನೇ ವಾರಕ್ಕೆ ಮುಖ ಊದಿತು, ಬಾಯಾರಿಕೆ ಹೆಚ್ಚಾಯಿತು. ಮಧ್ಯಾಹ್ನ ಗಂಗಾವತಿಯ ಲ್ಯಾಬಿನಲ್ಲಿ ಸಕ್ಕರೆ 340. ಹಿಂದಿನ ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದಾಗ 104 ಇತ್ತು, ಹಾಗಾಗಿ ಯಾರೂ ಚಿಂತಿಸಿರಲಿಲ್ಲ. ಬೆಳಿಗ್ಗೆ ತಗೊಂಡ ಪ್ರೆಡ್ನಿಸೊಲೋನ್ ಮಧ್ಯಾಹ್ನದಿಂದ ರಾತ್ರಿವರೆಗೆ ಸಕ್ಕರೆ ಏರಿಸುತ್ತದೆ, ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ನೋಡಬೇಕಾದ್ದು ಮಧ್ಯಾಹ್ನದ ಊಟದ ಎರಡು ಗಂಟೆಯ ಮೇಲೆ. "ಸ್ಟೀರಾಯ್ಡ್ ತಿಂದ್ರ ಮೈ ಹಾಳ ಆಗತೈತಿ" ಎಂದು ಓಣಿಯವರು ಯಾರೋ ಹೇಳಿದರು. ಅಂದೇ ಎಲ್ಲ ಗುಳಿಗೆ ನಿಂತವು.

ನಾಲ್ಕನೇ ದಿನ ಬೇಧಿ ಆರು ಸಲ, ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ, ಬಿಪಿ 84/50. ಎರಡು ಕಾಯಿಲೆ ಒಟ್ಟಿಗೆ ಬಂದಿದ್ದವು. ಒಂದು, ಕರುಳಿನ ಉರಿಯೂತ ಮರುಕಳಿಸಿದ್ದು. ಇನ್ನೊಂದು ಹೆಚ್ಚು ಅಪಾಯದ್ದು: ವಾರಗಟ್ಟಲೆ ಹೊರಗಿನ ಸ್ಟೀರಾಯ್ಡ್ ಸಿಕ್ಕಾಗ ಮೈಯ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸಾಲ್ ತಯಾರಿಕೆಯನ್ನು ನಿಲ್ಲಿಸಿರುತ್ತದೆ. ಗುಳಿಗೆ ಒಮ್ಮೆಲೆ ತಪ್ಪಿದರೆ ಮೈಯಲ್ಲಿ ಎರಡೂ ಇರುವುದಿಲ್ಲ, ಬಿಪಿ ಕುಸಿಯುತ್ತದೆ. ಈ ಸಲ ಸೊಸೆ ತಾಲ್ಲೂಕು ಆಸ್ಪತ್ರೆಗೆ ಕಾಗದ ಹಿಡಿದೇ ಹೋದರು, ಔಷಧಿಯ ಹೆಸರು ತಾವೇ ಹೇಳಿದರು, ಗುಳಿಗೆ ನಿಲ್ಲಿಸಿದ ದಿನವನ್ನೂ ಹೇಳಿದರು. ವರದಿಗಳಿಗೆ ಕಾಯದೆ ಹೈಡ್ರೊಕಾರ್ಟಿಸೋನ್ 100 ಮಿಗ್ರಾಂ ರಕ್ತನಾಳಕ್ಕೆ, ಒಂದು ಲೀಟರ್ ನಾರ್ಮಲ್ ಸಲಾಯಿನ್ ಮೊದಲ ಗಂಟೆಯಲ್ಲಿ, ನಂತರ ಆರು ಗಂಟೆಗೊಮ್ಮೆ 50 ಮಿಗ್ರಾಂ. ಹೈಡ್ರೊಕಾರ್ಟಿಸೋನ್ ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ಔಷಧಿ. ಸಂಜೆಗೆ ಬಿಪಿ 110ಕ್ಕೆ ಬಂತು.

ಬಳ್ಳಾರಿಯಲ್ಲಿ ಪ್ರೆಡ್ನಿಸೊಲೋನನ್ನು ಮತ್ತೆ 50ಕ್ಕೆ ಏರಿಸಿ, ಈ ಸಲ ಹತ್ತು ದಿನಕ್ಕೊಂದು ಮೆಟ್ಟಿಲು ಇಳಿಸಿದರು. ವೆಡೊಲಿಜುಮ್ಯಾಬ್‌ನ ಮೂರನೇ ಡೋಸ್ ಸಮಯಕ್ಕೆ ಸರಿಯಾಗಿ ಕೊಟ್ಟರು. ಸಕ್ಕರೆಗೆ ಬೆಳಿಗ್ಗೆ ಸ್ಟೀರಾಯ್ಡ್ ಜೊತೆಗೆ ಎನ್‌ಪಿಎಚ್ ಇನ್ಸುಲಿನ್ 10 ಯೂನಿಟ್‌ನಿಂದ ಶುರು ಮಾಡಿ, ಸ್ಟೀರಾಯ್ಡ್ ಇಳಿದಂತೆ ಅದನ್ನೂ ಇಳಿಸಿದರು. ಇಳಿಸದಿದ್ದರೆ ಸಕ್ಕರೆ ಬಿದ್ದು ಬೇರೆ ಅನಾಹುತವಾಗುತ್ತದೆ. ಇನ್ಸುಲಿನ್ ಇಲ್ಲದಾಗ ಮೈಯಲ್ಲಿ ಸೇರುವ ಕೀಟೋನ್ ನೋಡಿ ಇಲ್ಲವೆಂದು ಖಚಿತ ಮಾಡಿಕೊಂಡಿದ್ದು ಮುಖ್ಯ. ಇಮ್ಯುನೋಥೆರಪಿ ಅಪರೂಪಕ್ಕೆ ಮೇದೋಜೀರಕವನ್ನೇ ಹಾಳುಮಾಡಿ ಇನ್ಸುಲಿನ್ ಪೂರ್ತಿ ನಿಲ್ಲಿಸುತ್ತದೆ, ಅಲ್ಲಿ ದಿನಗಳಲ್ಲೇ ಪ್ರಾಣ ಹೋಗಬಹುದು.

ಮನೆಯ ಕಡೆ ಬದಲಾದದ್ದು ಒಂದು ಗೋಡೆ ಕ್ಯಾಲೆಂಡರ್. ಪ್ರೆಡ್ನಿಸೊಲೋನ್ 5, 10, 20, 40 ಮಿಗ್ರಾಂ ಗುಳಿಗೆಗಳಲ್ಲಿ ಸಿಗುತ್ತದೆ, ಪಟ್ಟಿಗಳು ನೋಡಲು ಒಂದೇ ತರಹ. ಆದ್ದರಿಂದ 10ರ ಪಟ್ಟಿ ಮಾತ್ರ ಕೊಟ್ಟು, ಪ್ರತಿ ತಾರೀಖಿನ ಚೌಕದಲ್ಲಿ ಗುಳಿಗೆಯ ಸಂಖ್ಯೆಯಷ್ಟು ಗೀಟು ಎಳೆದರು: ಐದು ಗೀಟು, ನಾಲ್ಕು ಗೀಟು. 15 ಬಂದಾಗ ಒಂದೂವರೆ, ಕೊನೆಗೆ ಅರ್ಧ. ಅಕ್ಷರ ಬಾರದ ಅಜ್ಜಿಯೂ ಬೆಳಿಗ್ಗೆ ತಿಂಡಿಯಾದ ಮೇಲೆ ಗೀಟು ಎಣಿಸಿ ಗುಳಿಗೆ ಕೈಗಿಡುತ್ತಿದ್ದರು. ಕೆಳಗೆ ಕನ್ನಡದಲ್ಲಿ ಒಂದೇ ಸಾಲು: "ಈ ಗುಳಿಗೆ ಯಾರು ಹೇಳಿದರೂ ಒಮ್ಮೆಲೆ ನಿಲ್ಲಿಸಬೇಡಿ." ಎಷ್ಟು ದುಬಾರಿ ಔಷಧಿ ತರಿಸಿದರೂ, ಚಿಕಿತ್ಸೆ ಕೊನೆಗೆ ನಿಂತದ್ದು ಈ ಗೀಟುಗಳ ಮೇಲೆ.

ಮಗ ಕೇಳಿದ ಪ್ರಶ್ನೆ ಎಲ್ಲ ಮನೆಯವರೂ ಕೇಳುವಂಥದ್ದು: "ಸ್ಟೀರಾಯ್ಡ್ ಕೊಟ್ರ ಕ್ಯಾನ್ಸರ್ ಇಂಜೆಕ್ಷನ್ ಮಾಡಿದ ಕೆಲಸ ಅಳಿಸಿ ಹೋಗತೈತೇನ್ರಿ?" ಅಡ್ಡಪರಿಣಾಮಕ್ಕಾಗಿ ಕೊಡುವ ಸ್ಟೀರಾಯ್ಡ್ ಕ್ಯಾನ್ಸರ್ ಮೇಲಿನ ಲಾಭವನ್ನು ಅಳಿಸಿಹಾಕುವುದು ಸಾಮಾನ್ಯವಾಗಿ ಕಂಡುಬಂದಿಲ್ಲ. ಇವರ ಸ್ಕ್ಯಾನ್‌ನಲ್ಲೂ ಗೆಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತ್ತು, ಔಷಧಿ ನಿಲ್ಲಿಸಿ ತಿಂಗಳುಗಳಾದರೂ ಹಾಗೇ ಇತ್ತು. ಮತ್ತೆ ಶುರು ಮಾಡಬೇಕೆ? ಬೇಧಿ ಪೂರ್ತಿ ನಿಂತು, ಸ್ಟೀರಾಯ್ಡ್ 10 ಮಿಗ್ರಾಂಗೆ ಅಥವಾ ಅದಕ್ಕಿಂತ ಕೆಳಗಿಳಿದ ಮೇಲೆ ಪಿಡಿ-1 ಔಷಧಿಯನ್ನು ಮತ್ತೆ ಕೊಡಲು ಅವಕಾಶವಿದೆ. ಮೂರನೇ ದರ್ಜೆ, ಒಮ್ಮೆ ಮರುಕಳಿಕೆ, ಗೆಡ್ಡೆ ಸುಮ್ಮನಿದೆ ಎಂಬ ಮೂರನ್ನೂ ತೂಗಿ ಬೆಂಗಳೂರಿನ ತಂಡ ಕಾದು ನೋಡಲು ನಿರ್ಧರಿಸಿತು.

ಸ್ಟೀರಾಯ್ಡ್ ಪೂರ್ತಿ ಮುಗಿದು ಮೂರು ವಾರಕ್ಕೆ ಸುಸ್ತು, ಮಲಬದ್ಧತೆ, ದನಿ ದಪ್ಪವಾದದ್ದು. ವಯಸ್ಸು, ಕ್ಯಾನ್ಸರ್ ಎಂದು ತಳ್ಳಿಹಾಕಬಹುದಿತ್ತು. ಟಿಎಸ್‌ಎಚ್ 48, ಟಿ4 ತಗ್ಗಿತ್ತು: ಥೈರಾಯ್ಡ್ ಗ್ರಂಥಿ ಸೋತಿತ್ತು. ಈ ಔಷಧಿ ಮೈಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ (ಅರ್ಧಾಯುಷ್ಯವೇ ಸುಮಾರು 22 ದಿನ), ಟಿ-ಕೋಶದ ಮೇಲಿನ ಪರಿಣಾಮ ಇನ್ನೂ ಹೆಚ್ಚು ಕಾಲ. ನಿಲ್ಲಿಸಿದ ಮೇಲೂ ಹೊಸ ಅಂಗ ಹಿಡಿಯಬಹುದು. ಥೈರಾಕ್ಸಿನ್ ಬರೆಯುವ ಮೊದಲು ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್ ನೋಡಿದರು, 13 ಇತ್ತು. ಅದು ತಗ್ಗಿದ್ದರೆ ಹೈಡ್ರೊಕಾರ್ಟಿಸೋನ್ ಮೊದಲು, ಥೈರಾಕ್ಸಿನ್ ಆಮೇಲೆ. ಈ ಕ್ರಮ ತಿರುವುಮುರುವಾದರೆ ಉಳಿದಿರುವ ಕಾರ್ಟಿಸಾಲ್ ಕೂಡ ಬೇಗ ಕರಗಿ ರೋಗಿ ಕುಸಿಯುತ್ತಾರೆ. ಥೈರಾಕ್ಸಿನ್ 50 ಮೈಕ್ರೋಗ್ರಾಂ, ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕ್ಯಾಲ್ಸಿಯಂ ಗುಳಿಗೆ ನಾಲ್ಕು ಗಂಟೆ ಬಿಟ್ಟು, ಇಲ್ಲದಿದ್ದರೆ ಹೀರಿಕೆಯಾಗುವುದಿಲ್ಲ. ಥೈರಾಯ್ಡ್ ತೊಂದರೆಗೆ ಸ್ಟೀರಾಯ್ಡ್ ಬೇಕಿಲ್ಲ, ಆದರೆ ಈ ಗುಳಿಗೆ ಬಹುಮಟ್ಟಿಗೆ ಜೀವನಪೂರ್ತಿ.

ಇಂಥ ರೋಗಿಗಳು ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಇನ್ನು ಹೆಚ್ಚುತ್ತಾರೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದುವರಿದ ತಲೆ-ಕುತ್ತಿಗೆ ಕ್ಯಾನ್ಸರಿಗೆ ಮೂರು ಬಗೆಯ ಅಗ್ಗದ ಔಷಧಿಗಳ ಜೊತೆ ಕೇವಲ 20 ಮಿಗ್ರಾಂ ನಿವೊಲುಮ್ಯಾಬ್ (ಇದೂ ಪಿಡಿ-1 ಔಷಧಿ) ಸೇರಿಸಿದಾಗ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ 16.3ರಿಂದ 43.4ಕ್ಕೆ ಏರಿತು. ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಆದ ಬಡವರಿಗೂ ಇದು ದಕ್ಕುವಂಥದ್ದು. ಡೋಸ್ ಸಣ್ಣದೆಂದು ಬೇಧಿಯನ್ನು ಹಗುರವಾಗಿ ನೋಡಬಾರದು. ಆ ಮೂರು ಔಷಧಿಗಳಲ್ಲಿ ಒಂದಾದ ಎರ್ಲೊಟಿನಿಬ್ ಕೂಡ ಬೇಧಿ ತರುತ್ತದೆ, ಯಾವುದರದ್ದೆಂದು ಬೇರ್ಪಡಿಸುವ ಹೊಣೆ ಸ್ಥಳೀಯ ವೈದ್ಯರ ಮೇಲೇ ಬೀಳುತ್ತದೆ.

ರೋಗಿಯ ಅಂಗಿ ಜೇಬಿನಲ್ಲಿ ಈಗ ಲ್ಯಾಮಿನೇಟ್ ಮಾಡಿದ ಚೀಟಿಯಿದೆ. ಔಷಧಿಯ ಹೆಸರು, ಕೊನೆಯ ಡೋಸಿನ ತಾರೀಖು, "ಇದು ಕಿಮೋ ಅಲ್ಲ" ಎಂಬ ಮಾತು. ಬೇಧಿ, ಹೊಸ ಕೆಮ್ಮು ಅಥವಾ ಉಬ್ಬಸ, ಎದೆನೋವು, ಕಣ್ಣು ಹಳದಿ, ಮೈತುಂಬ ಗುಳ್ಳೆ, ವಿಪರೀತ ಬಾಯಾರಿಕೆ: ಯಾವುದು ಬಂದರೂ ಅಂದೇ ಫೋನ್ ಮಾಡಬೇಕಾದ ನಂಬರ್. ಹಿಂಬದಿಯಲ್ಲಿ ಪೆನ್ನಿನಿಂದ ಬರೆದದ್ದು, ಮುಂದಿನ ಟಿಎಸ್‌ಎಚ್ ಆರು ವಾರಕ್ಕೆ.